ಕಾಗೆ ಮುಟ್ಟದ ಎಡೆ

ಅಂಕಲಿಯ ಹೊಳೆದಂಡೆಯ ಕಾಗೆಗಳಿಗೆ ಸೊಕ್ಕು ಬಹಳ. ಊರೊಳಗೆ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೆ, ಕೂಸಿನ ಕೈಯ ರೊಟ್ಟಿಗೆ ಹೊಂಚು ಹಾಕುವ ಅವೇ ಕಾಗೆಗಳು, ದಂಡೆಯ ಮೇಲೆ ಬಾಳೆಯೆಲೆ ಹಾಸಿ, ಹೋಳಿಗೆ ಬಡಿಸಿ, ಕೈಮುಗಿದು ಕರೆದರೆ ಮಾತ್ರ ಹೊಸ ಅಳಿಯನ ಬಿಗುಮಾನ ತೋರಿಸುತ್ತವೆ. ಹೆಣ ಸುಟ್ಟ ಮೂರನೆಯ ದಿನ ಅಲ್ಲಿ ರಕ್ಷಾವಿಸರ್ಜನೆ. ಬೂದಿಯನ್ನು ಕೃಷ್ಣೆಗೆ ಬಿಟ್ಟು, ಸತ್ತವರಿಗೆ ಸೇರುತ್ತಿದ್ದುದನ್ನೆಲ್ಲ ಎಡೆ ಹಾಕಿ, ಬಂಧುಬಳಗ ದೂರ ಸರಿದು ನಿಲ್ಲುತ್ತದೆ. ಕಾಗೆ ಮುಟ್ಟಿದರೆ ಸತ್ತವರು ತೃಪ್ತಿಯಿಂದ ಹೋದರು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಒಬ್ಬೊಬ್ಬರಾಗಿ ಮುಂದೆ ಬಂದು, ನಿನ್ನ ಮಗಳ ಲಗ್ನ ಮಾಡುತ್ತೇವೆ, ನಿನ್ನ ಎತ್ತು ಮಾರುವುದಿಲ್ಲ ಎಂದು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ ಎಂಬುದು ಆ ಕಡೆಯ ಜನರ ನಂಬಿಕೆ.

ಆ ಸರಿಯಾದ ಮಾತು ಹುಡುಕುವುದರಲ್ಲಿ ಲಗಮಣ್ಣನದು ಎತ್ತಿದ ಕೈ. ಊರ ನಡುವಿನ ಹಿಟ್ಟಿನ ಗಿರಣಿ ಅವನದು. ಹಿಟ್ಟು ಬೀಸಿಸಲು ಬಂದವರು ಸರದಿ ಕಾಯುತ್ತ ಸುಮ್ಮನೆ ಕೂಡುತ್ತಾರೆಯೇ? ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡು ಸೊಸೆಯ ಸುದ್ದಿ, ಮೈದುನನ ಸುದ್ದಿ, ಹೊಟ್ಟೆಯೊಳಗಿನದೆಲ್ಲ ಗಟ್ಟಿಯಾಗಿ ಹೇಳುತ್ತಾರೆ. ಆ ಸದ್ದಿಗೆ ಪಳಗಿದ ಲಗಮಣ್ಣನ ಕಿವಿಗೆ ಎಲ್ಲವೂ ಬೀಳುತ್ತಿತ್ತು. ಪೈಲವಾನ ಮಾಳಸಿದ್ದ ಸತ್ತಾಗ ಮಕ್ಕಳು ಏನೇನೋ ಮಾತು ಕೊಟ್ಟರೂ ಕಾಗೆ ಕದಲಲಿಲ್ಲ. ಲಗಮಣ್ಣ ಬಂದು, "ಮಾಳಸಿದ್ದಣ್ಣಾ, ನಾಗರ ಪಂಚಮಿಗೆ ತಾಲೀಮಿನ ಮಣ್ಣು ಹದ ಮಾಡಸ್ತೀವಿ" ಅಂದ. ಕಾಗೆ ಬಂದು ಹೋಳಿಗೆಯನ್ನೇ ಎತ್ತಿಕೊಂಡು ಹೋಯಿತು. ಅಂದಿನಿಂದ ಎಡೆ ಮುಟ್ಟದಿದ್ದರೆ ಗಿರಣಿಗೆ ಆಳು ಓಡುವುದು ರೂಢಿಯಾಯಿತು. ಅವನೂ ಗಿರಣಿಯ ಚಕ್ರದ ಪಟ್ಟಾ ಇಳಿಸಿ, ಮೈಯ ಹಿಟ್ಟು ಕೊಡವಿಕೊಂಡು, ತುಸು ಹೆಮ್ಮೆಯಿಂದಲೇ ಹೋಗುತ್ತಿದ್ದ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಒಂದು ಮಳೆಗಾಲ, ಹೊಳೆಗೆ ಹೊಸನೀರು ಬಂದ ಹೊತ್ತಿನಲ್ಲಿ, ಲಗಮಣ್ಣನ ಹೆಂಡತಿ ಕುಸುಮಳಿಗೆ ಕಾಮಾಲೆಯಾಯಿತು. ಗಿಡಮೂಲಿಕೆ ಕುಡಿಸಿದರು, ಮಿರಜಿಗೆ ಒಯ್ದರು, ಡಾಕ್ಟರರು ಕೈಲಾದದ್ದೆಲ್ಲ ಮಾಡಿದರು. ಇನ್ನೂ ಮೂವತ್ತು ತುಂಬದ, ಮಕ್ಕಳಿಲ್ಲದ, ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದ ಆ ಹೆಣ್ಣುಮಗಳು ಬಿಳಿ ಹೊದಿಕೆಯಲ್ಲಿ ತಿರುಗಿ ಬಂದಳು.

ಮೂರನೆಯ ದಿನ ಅವಳ ಎಡೆಯನ್ನು ಕಾಗೆ ಮುಟ್ಟಲಿಲ್ಲ. ನಿನ್ನ ಕೊರಳಿನ ಬೋರಮಾಳವನ್ನು ತಂಗಿಗೆ ಕೊಡುತ್ತೇವೆ ಎಂದು ಅವಳ ತಾಯಿ ಅಂದಳು. ಲಗಮಣ್ಣ ಇನ್ನೊಂದು ಲಗ್ನವಾಗುವುದಿಲ್ಲ ಎಂದು ಒಬ್ಬರು ಮಾತು ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು, ಆಗುತ್ತಾನೆ ಎಂದು ಇನ್ನೊಬ್ಬರು ಕೊಟ್ಟರು. ಕಾಗೆಗಳು ಎರಡನ್ನೂ ನಂಬಲಿಲ್ಲ. ಎಲ್ಲರೂ ಲಗಮಣ್ಣನ ಮುಖ ನೋಡಿದರು. ಅವನು ಮುಂದೆ ಬಂದು ಹೊಲಿಗೆ ಮಿಷನ್ ತರುತ್ತೇನೆ ಅಂದ, ನಿಪ್ಪಾಣಿಯ ಅಂಗಡಿಯಲ್ಲಿ ನೋಡಿ ಬಿಟ್ಟುಬಂದ ನೀಲಿ ಸೀರೆಯನ್ನು ದೇವಿ ಅಂಬಾಬಾಯಿಗೆ ಉಡಿಸುತ್ತೇನೆ ಅಂದ, ಪಂಢರಪುರಕ್ಕೆ ನಡೆದು ಹೋಗುತ್ತೇನೆ ಅಂದ. ಆಮೇಲೆ ಅವನಿಗೆ ಮಾತೇ ಹೊಳೆಯಲಿಲ್ಲ. ಕೊನೆಗೆ ಎಡೆಯನ್ನು ಆಕಳಿಗೆ ತಿನ್ನಿಸಿ ಎಲ್ಲರೂ ಮನೆಗೆ ಬಂದರು.

ಊರವರ ಆಸೆಯೆಲ್ಲ ಬಲ್ಲವನಿಗೆ ಒಂದೇ ಕಂಬಳಿಯಲ್ಲಿ ಮಲಗಿದವಳ ಆಸೆ ಗೊತ್ತಿರಲಿಲ್ಲ. ಈ ಮಾತು ಊರವರು ಆಡಿದರೋ ಇಲ್ಲವೋ, ಲಗಮಣ್ಣನ ತಲೆಯಲ್ಲಿ ಮಾತ್ರ ಹಗಲಿಡೀ ಆಡುತ್ತಿತ್ತು. ಗಿರಣಿ ಸುರುಮಾಡಿ ಕೂತರೆ ಕೆಟ್ಟ ಕೆಟ್ಟ ಲೆಕ್ಕ. ಜೋಳ ಹಿಟ್ಟಾಗುತ್ತದೆ, ಹಿಟ್ಟು ರೊಟ್ಟಿಯಾಗುತ್ತದೆ, ರೊಟ್ಟಿ ಮೈಯಾಗುತ್ತದೆ, ಮೈ ಹೊಳೆದಂಡೆಯಲ್ಲಿ ಬೂದಿಯಾಗುತ್ತದೆ. ಇಷ್ಟಕ್ಕಾಗಿ ದಿನವಿಡೀ ಪಟ್ಟಾ ತಿರುಗಿಸಬೇಕೆ? ಎಲ್ಲರೂ ಹೊಟ್ಟೆಯಲ್ಲಿ ಒಂದು ಮಾತು ಬಚ್ಚಿಟ್ಟುಕೊಂಡು ಹೋಗಿಬಿಡುವುದಾದರೆ ಯಾರು ಯಾರಿಗೆ ಏನಾದ ಹಾಗಾಯಿತು?

ಅಣ್ಣನ ಹೆಂಡತಿ ರುಕ್ಮವ್ವ, ಅವನ ವೈನಿ, ತಾಟು ಮುಂದಿಟ್ಟು ಏನು ಬೇಕು ಎಂದು ಕೇಳಿದರೆ, "ಏನೂ ಬ್ಯಾಡ್ರಿ ವೈನಿ" ಎನ್ನುತ್ತಿದ್ದ. ಹೊಸ ಅಂಗಿ ಬೇಕೆ ಎಂದು ಅಣ್ಣ ಕೇಳಿದರೆ ಬೇಡ. ಚಹಾ ಬೇಡ, ಎಲೆ ಅಡಿಕೆ ಬೇಡ, ಹಬ್ಬವೂ ಬೇಡ. ಊರಿನ ಕಟ್ಟೆಯ ಮೇಲೆ ಕೂತವರು, ಲಗಮಣ್ಣನಿಗೆ ವೈರಾಗ್ಯ ಬಂದಿದೆ, ಪುಣ್ಯವಂತ ಎಂದು ಹೊಗಳತೊಡಗಿದರು. ಬೆಳಗಾದರೆ ಅವನು ಹೊಳೆಗೆ ಹೋಗಿ ಬಹಳ ಹೊತ್ತು ನೀರು ನೋಡುತ್ತ ನಿಲ್ಲುವುದನ್ನು ಕಂಡು, ಧ್ಯಾನ ಅಂದರು. ನಮ್ಮ ಜನಕ್ಕೆ ದುಃಖದ ಗುರುತು ಸಿಗುವುದೇ ಇಲ್ಲ. ಅದಕ್ಕೆ ಕಾವಿ ಉಡಿಸಿ ಕೈಮುಗಿದುಬಿಟ್ಟರೆ ಮುಗಿಯಿತು.

ಗುರುತು ಹಿಡಿದವಳು ಗೌರಾಬಾಯಿ ಒಬ್ಬಳೇ. ಗಿರಣಿಯ ಎದುರು ಮನೆಯ ಮುದುಕಿ, ಎಪ್ಪತ್ತು ದಾಟಿದವಳು, ಹಲ್ಲಿಗೆ ಸುಟ್ಟ ತಂಬಾಕಿನ ಮಿಸರಿ ತಿಕ್ಕುತ್ತ ಕಟ್ಟೆಯ ಮೇಲೆ ಕೂತರೆ ಓಣಿಯಲ್ಲಿ ಹೋಗುವ ನಾಯಿಗೂ ಒಂದು ಮಾತು ಹೇಳದೆ ಬಿಡದವಳು. ದಸರೆಯ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಗಂಟು ಕಾಣಿಸಿ, ಮಗ ತುಕಾರಾಮ ಮಿರಜಿಗೆ ಒಯ್ದು, ಹೋದ ಹಾಗೆಯೇ ತಿರುಗಿ ಕರೆತಂದಿದ್ದ. ಗುಳಿಗೆ ತಿಂದರೆ ಕಡಿಮೆಯಾಗುತ್ತದೆ ಎಂದು ತಾಯಿಗೆ ಹೇಳಿದ. "ಮಿರಜಿ ಡಾಕ್ಟರ್ ಮನೀಗೆ ಕರಕೊಂಡ ಹೋಗ್ರಿ ಅಂದ್ರ ಏನಂತ ನನಗ ತಿಳೀತೈತಿ ಬಿಡೋ" ಅಂದಳು ಗೌರಾಬಾಯಿ. ಅಳುವ ಮಗನಿಗೆ ತಾನೇ ನೀರು ಕೊಟ್ಟಳಂತೆ.

ಮರುದಿನ ಅವಳು ಲಗಮಣ್ಣನನ್ನು ಕರೆಸಿದಳು. ಮಧ್ಯಾಹ್ನ ಲೈಟು ಹೋಗಿ ಗಿರಣಿ ನಿಂತಿತ್ತು. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದವಳು ಕೂಡಲು ಹೇಳಿ, ಯಾರೂ ಕೇಳದ ಮಾತನ್ನು ನೇರವಾಗಿ ಕೇಳಿದಳು.

"ದಿನಾ ಮುಂಜಾನಿ ಹೊಳಿಗೆ ಯಾಕ ಹೋಗ್ತೀಯೋ ಲಗಮ್ಯಾ? ಬೀಳಬೇಕಂತ ಹೋಗ್ತೀಯೇನು?"

ಅಷ್ಟು ದಿನ ವೈರಾಗ್ಯ, ಧ್ಯಾನ ಎಂಬ ಮಾತು ಕೇಳಿ ಕೇಳಿ ಬೇಸತ್ತಿದ್ದ ಲಗಮಣ್ಣನಿಗೆ ಸುಳ್ಳು ಹೇಳಲು ಆಗಲಿಲ್ಲ. "ಹಂಗ ಅನಸ್ತೈತಿ ಆಯಿ" ಅಂದ.

ಗೌರಾಬಾಯಿ ಬಯ್ಯಲಿಲ್ಲ, ದೇವರ ಹೆಸರು ತೆಗೆಯಲಿಲ್ಲ. "ಅನಿಸಿದ್ರ ಅನಸಲಿ. ಆದ್ರ ಹಂಗ ಅನಿಸಿದಾಗ ಹೊಳಿಗೆ ಹೋಗಬ್ಯಾಡ, ನನ್ನ ಕಡೆ ಬಾ. ನಾ ಸಾಯೂತನಕ ನಿನಗ ಸಾಯಾಕ ಸೂಟಿ ಇಲ್ಲ."

"ನೀ ಹೋದ ಮ್ಯಾಲ?"

"ರುಕ್ಮವ್ವಗ ಹೇಳು. ಬಾಯಿ ಬಿಟ್ಟು ಹೇಳು. ಆಕಿಗೆ ನಾನೂ ಹೇಳಿ ಇಟ್ಟಿರ್ತೀನಿ." ಆಮೇಲೆ ಮಗ್ಗುಲು ಬದಲಿಸಿ, ನೋವಿಗೆ ಹಲ್ಲು ಕಚ್ಚಿ, ಮಾತು ಮುಂದುವರಿಸಿದಳು. "ಸಾಯಾವರಿಗೆ ಏನ ಬೇಕಾಗಿರ್ತೈತಿ ಅನ್ನೂದು ನಿನಗ ಬಗೀಹರೀವಲ್ದು. ನಾ ಸಾಯಾಕತ್ತೀನಿ. ದಿನಾ ಬಾ, ನನಗ ಏನ ಬೇಕು ಅಂತ ಕೇಳು. ಕುಸುಮಾನ ಕೇಳಾಕ ಆಗಲಿಲ್ಲ, ನನ್ನನ್ನರ ಕೇಳು."

ಹೀಗೆ ಸುರುವಾಯಿತು ಅವರ ವ್ಯವಹಾರ. ಮಧ್ಯಾಹ್ನ ಲೈಟು ಹೋದ ಕೂಡಲೇ ಲಗಮಣ್ಣ ಎದುರು ಮನೆಗೆ ಹೋಗಿ, ಇವತ್ತು ಏನು ಬೇಕು ಎಂದು ಕೇಳುವುದು. ಮೊದಲ ದಿನ ಅವಳಿಗೆ ಬಿಸಿ ಬೆಲ್ಲ ಬೇಕಾಯಿತು. ಅವನು ಸೈಕಲ್ ಹೊಡೆದುಕೊಂಡು ಶಿರಗುಪ್ಪಿಯ ಕಡೆಯ ಗಾಣಕ್ಕೆ ಹೋಗಿ, ಕೊಪ್ಪರಿಗೆಯಿಂದ ಆಗತಾನೆ ಇಳಿದ ಬೆಲ್ಲವನ್ನು ಕಬ್ಬಿನ ಸೋಗೆಯಲ್ಲಿ ಸುತ್ತಿಕೊಂಡು ಬಂದ. ಬೆರಳ ತುದಿಯಷ್ಟು ತಿಂದು, "ನಮ್ಮ ಕಾಲದಾಗ ಇನ್ನೂ ಚಲೋ ಇರ್ತಿತ್ತು" ಅಂದಳು. ಮರುದಿನ ಹೊಳೆ ನೋಡಬೇಕು ಅಂದಳು. ತುಕಾರಾಮ ಮತ್ತು ಅವನು ಹೊರಸಿನ ಸಮೇತ ಮಾಳಿಗೆಗೆ ಹತ್ತಿಸಿದರು. ಅಲ್ಲಿಂದ ಹೊಳೆ ನೋಡುವುದು ಬಿಟ್ಟು, ಪಕ್ಕದ ಮಾಳಿಗೆಯ ಸೊಸೆ ಶಾವಿಗೆ ಹೊಸೆಯುವ ರೀತಿ ತಪ್ಪು ಎಂದು ಕೂಗಿ ಹೇಳಿ ಜಗಳ ತೆಗೆದಳು. ಜಗಳವಾಡಿ ಕೆಳಗಿಳಿದ ಮೇಲೆ ಅವಳ ಮುಖ ಹಬ್ಬದ ದಿನದ ಹಾಗೆ ಕಂಡಿತು.

ಎಳೆ ಜೋಳದ ಸೀತನಿ ಬೇಕು ಅಂದಾಗ ಅವನು ಬಸ್ಸು ಹಿಡಿದು ತೆಲಸಂಗದ ತನಕ ಹೋದ, ಆ ಕಡೆಯ ಮಳೆ ಹೊಲದ ಜೋಳದ ರುಚಿಯೇ ಬೇರೆ ಎಂದು ಅವಳು ಹಟ ಹಿಡಿದಿದ್ದರಿಂದ. ಕೆಂಡದಲ್ಲಿ ಸುಟ್ಟು ತಿಕ್ಕಿ ಕೊಟ್ಟರೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಅವನ ಮುಂದೆ ಸರಿಸಿ, "ತಿನ್ನು. ಹೆಂಗೈತಿ ಹೇಳು. ನನ್ನ ಬಾಯಿ ಸತ್ತೈತಿ, ನಿನ್ನ ಬಾಯೀಲೆ ತಿಂತೀನಿ" ಅಂದಳು. ಹೇಗಿದೆ ಎಂದು ಹೇಳಬೇಕಾಗಿದ್ದರಿಂದ ಲಗಮಣ್ಣ ಗಮನಕೊಟ್ಟು ತಿನ್ನಬೇಕಾಯಿತು. ಸಿಹಿ ಇತ್ತು, ಹೊಗೆಯ ವಾಸನೆ ಇತ್ತು. ಬಹಳ ದಿನಗಳ ಮೇಲೆ ಅವನು ಒಂದು ರುಚಿಯನ್ನು ಗುರುತಿಸಿದ್ದ.

ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. ಒಂದು ಆಸೆ ತೀರಿಸಿದರೆ ಇನ್ನೊಂದು. ಒಂದು ದಿನ ಸಿಟ್ಟಿನಿಂದಲೇ ಅಂದುಬಿಟ್ಟ: "ಆಯಿ, ಕಡೀ ಆಸೆ ಯಾವುದು ಅದನ್ನ ಹೇಳು. ಇವೆಲ್ಲ ಸಣ್ಣಾವು."

"ಕಡೀದು ಅಂತ ಒಂದು ಇರ್ತೈತಿ ಅಂತ ಯಾರ ಹೇಳ್ಯಾರ ನಿನಗ?" ಎಂದು ಮುದುಕಿ ನಕ್ಕಳು. "ಬ್ಯಾಸಗಿ ಮಾವಿನಹಣ್ಣು ಬೇಕಾಗೇತಿ ನನಗ. ತಾ ನೋಡೂಣು."

ಆಗಿನ್ನೂ ಚಳಿ. ಬೇಸಿಗೆಯನ್ನು ಅವಳು ನೋಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳನ್ನು ನೋಡಲು ರಾಯಬಾಗದ ಬೀಗರು ಬಂದರು. ದೊಡ್ಡ ದೈವಭಕ್ತರು, ಕೊರಳಲ್ಲಿ ತುಳಸಿ ಮಾಲೆ. ಶರೀರವೆಂದರೆ ಬಾಡಿಗೆ ಮನೆ, ಮಾಲೀಕ ಬಿಡು ಅಂದಾಗ ನಗುನಗುತ್ತ ಬಿಡಬೇಕು, ಆಸೆ ಇಟ್ಟುಕೊಳ್ಳಬಾರದು ಎಂದು ಉಪದೇಶ ಮಾಡಿದರು. ಗೌರಾಬಾಯಿ ಸೆರಗು ಸರಿಮಾಡಿಕೊಂಡು ಮರ್ಯಾದೆಯಿಂದ ಕೇಳಿದಳು. ಆಮೇಲೆ ಅಂದಳು: "ಬಾಡಗಿ ಮನಿ ಬಿಡಾವರೂ ಮೂಲಿ ಮೂಲಿ ತಿರುಗಿ ನೋಡ್ತಾರ್ರಿ. ಎಪ್ಪತ್ತು ವರ್ಷ ಇದ್ದ ಮನಿ ಇದು. ಮಾಲೀಕ ಬಿಡು ಅಂದ್ರ ಬಿಡ್ತೀನಿ. ಆದ್ರ ಮನಸಿದ್ದು ಬಿಟ್ಲು ಅಂತ ಅವಾ ತಿಳಕೋಬಾರದು." ಬೀಗರು ಚಹಾ ಕುಡಿದು ಬೇಗ ಎದ್ದರು. ಬಾಗಿಲಲ್ಲಿ ಕೂತಿದ್ದ ಲಗಮಣ್ಣನಿಗೆ ಎದ್ದು ಅವಳ ಕಾಲು ಮುಟ್ಟಬೇಕೆನಿಸಿತು. ಸಾವಿನ ಎದುರು ಹೀಗೆ ಖರೇ ಮಾತಾಡಿದವರನ್ನು ಅವನು ಕಂಡಿರಲಿಲ್ಲ. ಹೊಳೆದಂಡೆಯಲ್ಲಿ ಅವನು ಕೇಳಿದ್ದೆಲ್ಲ ಬದುಕಿದವರು ಕಟ್ಟಿದ ಮಾತು.

ಅಂದು ಅವಳಿಗೆ ನೋವು ಜಾಸ್ತಿಯಾಯಿತು. ಅವನ ಕೈ ಹಿಡಿದುಕೊಂಡಿದ್ದಳು. ಬಿಗಿ ಸಡಿಲಾದ ಮೇಲೆ ಅವನು ಮೆಲ್ಲಗೆ ಕೇಳಿದ.

"ಅಂಜಿಕಿ ಬರ್ತೈತೇನು ಆಯಿ?"

"ಬರ್ತೈತಿ. ಯಾಕ ಬರಬಾರದು?"

"ಆ ಕಡೆ ಏನೈತಿ?"

"ನನಗೇನ ಗೊತ್ತೋ. ನಾನೂ ಈ ಕಡೇನ ಅದೀನಿ." ಅವಳೇ ಮತ್ತೆ ಮಾತು ತೆಗೆದಳು. "ಕುಸುಮಾನ ಎಡಿ ಕಾಗಿ ಯಾಕ ಮುಟ್ಟಲಿಲ್ಲ ಅಂತ ಹೇಳಲೇನು?"

ಲಗಮಣ್ಣ ಹೊರಸಿನ ಹತ್ತಿರಕ್ಕೆ ಸರಿದು ಕೂತ.

"ಸೀರಿ ಅಲ್ಲ, ಮಿಷನ್ನೂ ಅಲ್ಲ. ಹೊಟ್ಟ್ಯಾಗ ಏನೂ ಮುಚ್ಚಿಟ್ಟಿದ್ದಿಲ್ಲ ಆ ಹುಡುಗಿ, ನನಗ ಗೊತ್ತೈತಿ. ಆಕಿಗೆ ಇರಬೇಕಾಗಿತ್ತೋ, ಅಷ್ಟ. ಮುಂಜಾನಿ ಎದ್ದು ಅಂಗಳ ಸಾರಸಬೇಕಾಗಿತ್ತು, ನಿನಗ ರೊಟ್ಟಿ ಬಡಿಯಬೇಕಾಗಿತ್ತು, ನಾಳಿಗೆ ಮತ್ತ ಏಳಬೇಕಾಗಿತ್ತು. ಅದನ್ನ ನೀ ಕೊಡಾಕ ಬರ್ತಿದ್ದಿಲ್ಲ, ಯಾರಿಗೂ ಬರೂದಿಲ್ಲ. ನಿನಗ ಆಕಿ ತಿಳೀಲಿಲ್ಲ ಅಂತ ಕೊರಗಬ್ಯಾಡ." ಅವನ ಕೈಯನ್ನು ಮೆಲ್ಲಗೆ ಬಿಟ್ಟಳು. "ಆಕಿಗೆ ಬೇಕಾಗಿದ್ದದ್ದು ನಿನ್ನ ಕಡೆ ಇನ್ನೂ ಐತಿ. ಅದನ್ನ ನೀ ಬ್ಯಾಡ ಅಂತ ಕುಂತೀ. ಆಕಿ ಮುಂದ ಹೆಂಗ ಹೇಳ್ತೀ ಈ ಮಾತು?"

ಲಗಮಣ್ಣ ಗಿರಣಿಗೆ ಬಂದು, ಲೈಟು ಬಂದರೂ ಪಟ್ಟಾ ಏರಿಸದೆ ಕೂತ. ಆದರೆ ಮರುದಿನ ಬೆಳಗ್ಗೆ ಅವನು ಹೊಳೆಗೆ ಹೋಗಲಿಲ್ಲ. ಕತ್ತಲೆ ಹೋಯಿತು ಎಂದಲ್ಲ. ಕಣ್ಣು ತೆರೆದ ಕೂಡಲೇ ಅದು ತಲೆದಿಂಬಿನ ಹತ್ತಿರವೇ ಕೂತಿರುತ್ತಿತ್ತು. ಅವನು ರುಕ್ಮವ್ವನ ಎದುರು ಹೋಗಿ ಒಲೆಯ ಹತ್ತಿರ ಕೂತು, "ಇವತ್ತೂ ಹಂಗ ಅನಸಾಕತ್ತೈತ್ರಿ ವೈನಿ" ಅಂದ. ರುಕ್ಮವ್ವ, ಹ್ಞೂಂ, ಇಲ್ಲೇ ಕೂಡು ಅಂದಳು. ರೊಟ್ಟಿಯ ಸದ್ದು ಕೇಳುತ್ತ ಕೂತ.

ಸಂಕ್ರಾಂತಿ ಕಳೆದು ಮಾವು ಹೂ ಬಿಡುವ ಹೊತ್ತಿಗೆ ಗೌರಾಬಾಯಿ ಹೋದಳು. ಮಧ್ಯಾಹ್ನದ ಹೊತ್ತು, ತುಕಾರಾಮನೂ ಲಗಮಣ್ಣನೂ ಹತ್ತಿರವೇ ಇದ್ದರು. ಚಹಾ ಕೇಳಿದಳು. ಚಮಚದಿಂದ ಒಂದು ಗುಟುಕು ಹಾಕಿದರೆ ಮುಖ ಹಿಂಡಿ, "ಸಕ್ರಿ ಕಡಿಮಿ ಆಗೇತಿ" ಅಂದಳು. ಸೊಸೆ ಸಕ್ಕರೆ ತರಲು ಒಳಗೆ ಹೋದಳು. ಡಬ್ಬಿ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಜರಾಣಿಯರು ಸಾಯುವಾಗ ಏನೇನು ದೊಡ್ಡ ಮಾತು ಹೇಳಿದರೋ ತಿಳಿಯದು; ಆ ಮುದುಕಿಯ ಮಾತಿನ ಮುಂದೆ ಅವೆಲ್ಲ ಸಪ್ಪೆ.

ಮೂರನೆಯ ದಿನ ಊರೇ ದಂಡೆಗೆ ಬಂತು. ಎಲೆಯ ಮೇಲೆ ಹೋಳಿಗೆ, ಬೆಲ್ಲ, ಸೀತನಿ, ಪಕ್ಕದಲ್ಲಿ ಬಟ್ಟಲು ತುಂಬ ಸಕ್ಕರೆ ಸುರಿದ ಚಹಾ. ಕಾಗೆಗಳು ಜಾಲಿಗಿಡದ ಮೇಲೆ ಸಾಲಾಗಿ ಕೂತು ನೋಡಿದವೇ ಹೊರತು ಇಳಿಯಲಿಲ್ಲ. ಮನೆ ಒಡೆಯುವುದಿಲ್ಲ ಎಂದು ತುಕಾರಾಮ ಮಾತು ಕೊಟ್ಟ. ತಾನು ಪಂಢರಪುರದ ವಾರಿಗೆ ಹೋಗಿ ಅವಳ ಹೆಸರಲ್ಲಿ ಊಟ ಹಾಕಿಸುತ್ತೇನೆ ಎಂದು ರಾಯಬಾಗದ ಬೀಗರು ಮಾತು ಕೊಟ್ಟರು. ಬಿಸಿಲೇರಿತು. ಒಬ್ಬೊಬ್ಬರೇ ಲಗಮಣ್ಣನ ಕಡೆ ತಿರುಗಿದರು. ಕೊನೆಯ ತನಕ ಹತ್ತಿರ ಕೂತವನು, ಅವಳ ಹೊಟ್ಟೆಯ ಮಾತು ಇವನಿಗೆ ಗೊತ್ತಿರದೆ ಯಾರಿಗೆ ಗೊತ್ತು?

ಲಗಮಣ್ಣ ಮುಂದೆ ಬಂದು ಕೈಮುಗಿದ. ಮಾವಿನಹಣ್ಣು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಕಾಗೆ ಇಳಿದರೂ ಇಳಿಯಬಹುದು, ಹೋದ ಹೆಸರು ತಿರುಗಿ ಬರಲೂಬಹುದು. ಆ ಮಾತನ್ನು ನುಂಗಿದ.

"ಆಯೀಗೆ ಇನ್ನೂ ಇರಬೇಕಾಗಿತ್ತು" ಅಂದ. "ಸಾಯಾಕ ಮನಸಿದ್ದಿಲ್ಲ ಆಕಿಗೆ. ಅಂಜಿಕಿನೂ ಇತ್ತು, ಆದ್ರೂ ಅಳಲಾರದ ಹೋದ್ಲು. ಆಕಿಗೆ ಬೇಕಾಗಿದ್ದು ನಮ್ಮ ಕಡೆಯಿಂದ ಕೊಡಾಕ ಆಗೂದಿಲ್ಲ. ಕಾಗಿ ಮುಟ್ಟಲಿಲ್ಲ ಅಂದ್ರ ಯಾರದೂ ತಪ್ಪಿಲ್ಲ. ಎಡಿ ಆಕಳಿಗೆ ತಿನ್ನಸ್ರಿ."

ದಂಡೆಯ ಮೇಲೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಬೀಗರು, ಹೀಗೆ ಹೇಳಬಾರದು, ಅಪಶಕುನ ಅಂದರು. "ಆಕಿ ನನಗ ಹೇಳಿದ ಮಾತ ಹೇಳೀನ್ರಿ" ಅಂದ ಲಗಮಣ್ಣ. ತುಕಾರಾಮ ಮುಖಕ್ಕೆ ಟವೆಲು ಒತ್ತಿಕೊಂಡು, "ಖರೇ ಐತಿ, ನಮ್ಮವ್ವ ಹಂಗ ಇದ್ಲು" ಎಂದು ಎಲೆ ಎತ್ತಿದ. ಆಕಳು ಹೋಳಿಗೆಯ ಜೊತೆ ಎಲೆಯನ್ನೂ ತಿಂದಿತು.

ಜನ ಕರಗಿದ ಮೇಲೆ ಒಬ್ಬ ಹೆಂಗಸು ಅವನ ಹತ್ತಿರ ಬಂದಳು. ಕೆಳಗಿನ ಓಣಿಯ ಸಕ್ಕುಬಾಯಿ. ಲಗಮಣ್ಣ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳ ಮಗಳು ಚೊಚ್ಚಲ ಬಾಣಂತನದಲ್ಲಿ ತೀರಿಹೋಗಿದ್ದಳು. ಸಕ್ಕುಬಾಯಿ ಅಂದಿನಿಂದ ಯಾರ ಜೊತೆಗೂ ಹೆಚ್ಚು ಮಾತಾಡದವಳು.

"ನನ್ನ ಮಗಳ ಎಡೀನೂ ಮುಟ್ಟಲಿಲ್ಲಪಾ" ಅಂದಳು. "ಹಸಿರ ಬಳಿ ಕೇಳಿದ್ಲು, ಮುಂದಿನ ಸಂತಿಗೆ ಕೊಡಸ್ತೀನಿ ಅಂದಿದ್ನಿ. ಅದಕ್ಕ ಮುಟ್ಟಲಿಲ್ಲ ಅಂತ ಇಷ್ಟ ವರ್ಷ ನಾ..."

"ಬಳಿ ಅಲ್ರಿ ಅಕ್ಕಾರ" ಅಂದ ಲಗಮಣ್ಣ. "ಆಕಿಗೆ ಕೂಸಿನ ಮಾರಿ ನೋಡಬೇಕಾಗಿತ್ತು. ನಿಮ್ಮ ಕೂಡ ಇರಬೇಕಾಗಿತ್ತು. ಸಿಟ್ಟಲ್ಲ ಅದು."

ಸಕ್ಕುಬಾಯಿ ಅಲ್ಲೇ ಮರಳ ಮೇಲೆ ಕುಸಿದು ಕೂತು ಅತ್ತಳು. ಎಷ್ಟು ವರ್ಷದ ಅಳುವೋ, ತಡೆಯಲು ಅವನು ಹೋಗಲಿಲ್ಲ. ಅವಳ ಪಕ್ಕದಲ್ಲಿ ಕೂತವನಿಗೆ ಕುಸುಮಳ ಮುಖ ಎದುರಿಗೆ ಬಂತು, ಕಾಮಾಲೆಯ ಹಳದಿ ಮುಖವಲ್ಲ, ಸೆರಗು ಅಡ್ಡ ಹಿಡಿದು ನಗುವ ಮುಖ. ಕುಸುಮ ತೀರಿಹೋದ ಮೇಲೆ ಮೊದಲ ಸಲ ಅವನೂ ಗಟ್ಟಿಯಾಗಿ ಅತ್ತ.

ಅಳು ನಿಂತ ಮೇಲೆ ಅವನೇ ಮಾತಾಡಿದ. "ನಾಳೆ ಗಿರಣಿ ಕಡೆ ಬರ್ರಿ ಅಕ್ಕಾರ. ನಿಮ್ಮ ಮಗಳು ಹೆಂಗಿದ್ಲು, ಹೆಂಗ ಮಾತಾಡ್ತಿದ್ಲು, ಎಲ್ಲಾ ಹೇಳ್ರಿ. ನನಗ ಕೇಳಬೇಕಾಗೇತಿ. ಕುಸುಮಾನ ಸುದ್ದಿನೂ ಯಾರಿಗರ ಹೇಳಬೇಕಾಗೇತಿ."

ಮೈದುನನನ್ನು ಊಟಕ್ಕೆ ಕರೆಯಲು ಬಂದಿದ್ದ ರುಕ್ಮವ್ವ ಆ ಮಾತು ಕೇಳಿದಳು. ಏನು ಬೇಕು ಎಂದು ಕೇಳಿದಾಗಲೆಲ್ಲ ಅವನ ಬಾಯಿಂದ ಬೇಡ ಎಂಬುದೊಂದನ್ನೇ ಕೇಳಿದ್ದವಳು ಅವಳು. ಬಿಸಿಲು ಚುರುಕಾಗಿದ್ದರೂ ಕರೆಯದೆ, ಅವರ ಮಾತು ಮುಗಿಯುವ ತನಕ ಅಲ್ಲೇ ನಿಂತಳು.